ಮೂರನೆಯ ಖಾನೆ

2019 ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಈಜುಕೊಳದ ಕಚೇರಿಯ ಮೆಟ್ಟಿಲು ಹತ್ತುವಾಗ ತಂಗಿಯ ಚೀಲದಲ್ಲಿ ಒಂದು ಹಳೆಯ ರಿಜಿಸ್ಟರ್ ಇತ್ತು. ಅಕ್ಕನ ಬಾಯಿ ಮುಚ್ಚಿಸಲು ಅಷ್ಟು ಸಾಕಿತ್ತು.

ಮೇಲೆ ಸಮಿತಿ ಸೇರಿತ್ತು. ಕೊಳದ ಹೆಬ್ಬಾಗಿಲಿನ ಮೇಲೆ ಕೋಚ್ ಹೆಸರು ಉಳಿಯಬೇಕೋ ಬೇಡವೋ ಎಂಬುದನ್ನು ಅಂದೇ ತೀರ್ಮಾನಿಸಬೇಕಿತ್ತು. ದೇಶಕ್ಕೆ ಮೂರು ಪದಕ ತಂದವರು. ಪತ್ರಿಕೆಗಳವರಿಗೆ ಅವರು 'ತಿಮಿಂಗಿಲ'. ತೀರಿಕೊಂಡು ಎಂಟು ತಿಂಗಳಾಗಿತ್ತು. ಅಂತ್ಯಕ್ರಿಯೆಗೆ ಊರಿಗೆ ಊರೇ ಬಂದಿತ್ತು. ಆಮೇಲೆ ನಾಲ್ವರು ಹೆಂಗಸರು ಬಾಯಿಬಿಟ್ಟರು. ಹುಡುಗಿಯರಾಗಿದ್ದಾಗ ಆಯ್ಕೆಯಾಗಿ ಅವರ ಬೇಸಿಗೆ ಶಿಬಿರಕ್ಕೆ ಹೋದವರು. ಅಲ್ಲಿ ಕೋಚ್ ತಮ್ಮ ಮೈಮೇಲೆ ಕೈಹಾಕಿದ್ದರು ಎಂದರು.

ಐದನೆಯವಳು ಅಕ್ಕ. ಕೋಚ್ ಕೈಯಲ್ಲಿ ಬೆಳೆದ ಚಾಂಪಿಯನ್. ಅವಳ ಮಾತಿಗೇ ಹೆಚ್ಚು ತೂಕ.

ತಂಗಿ ನಂಬಿರಲಿಲ್ಲ. ಅಮ್ಮನ ಗಾಜಿನ ಬೀರುವಿನಲ್ಲಿ ಅಕ್ಕನ ಹದಿನಾಲ್ಕು ಪದಕಗಳಿದ್ದವು. ಅವುಗಳ ಹಿಂದೆ ತಂಗಿಯ ವಿಜ್ಞಾನ ಸ್ಪರ್ಧೆಯ ಕಪ್. ಕಾಣಬೇಕಾದರೆ ಬಗ್ಗಿ ನೋಡಬೇಕು. ಪದಕ ಅವಳದು, ಫೋಟೋ ಅವಳದು, ಈಗ ಊರಿನ ಕನಿಕರವೂ ಅವಳದೇ. ಅಷ್ಟು ಕೆಟ್ಟವರಾಗಿದ್ದರೆ ಯಾಕೆ ಬಿಟ್ಟು ಬರಲಿಲ್ಲ? ಪದಕಗಳು ನಿಂತುಹೋದ ಮೇಲೂ ಈಜುವವರ ಸಮಯ ಅಳೆಯುವ ಗಡಿಯಾರ ಹಿಡಿದು ಕೊಳದ ಅಂಚಿನಲ್ಲೇ ಯಾಕೆ ನಿಂತಿದ್ದಳು?

ಅದೇ ಗಡಿಯಾರದಿಂದ ಅಕ್ಕ ತಂಗಿಯ ಈಜನ್ನೂ ಅಳೆದಿದ್ದಳು. 1993ರ ಆಯ್ಕೆ. ತಂಗಿಗೆ ಹನ್ನೆರಡು, ಅಕ್ಕನಿಗೆ ಹದಿನೇಳು. ಐವತ್ತು ಮೀಟರ್. 34.0 ಸೆಕೆಂಡ್ ಒಳಗೆ ಮುಗಿಸಿದವರು ಶಿಬಿರಕ್ಕೆ, ಉಳಿದವರು ಮನೆಗೆ. ತಂಗಿಯದು 34.7. ಅಕ್ಕ ಟವೆಲ್ ಎಸೆದು, "ಬಿಡು ಪುಟ್ಟಿ. ನಿಂಗೆ ಲೆಕ್ಕ ಚೆನ್ನಾಗಿ ಬರುತ್ತೆ, ಓದ್ಕೋ," ಎಂದಿದ್ದಳು. ಮುಖ ಕೊಟ್ಟು ಮಾತಾಡಿರಲಿಲ್ಲ.

ತಂಗಿ ಓದಿಕೊಂಡಳು. ಈಗ ತಕ್ಕಡಿ, ಗಡಿಯಾರಗಳ ನಿಖರತೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಹಳೆಯ ದಾಖಲೆಗಳನ್ನು ಜೋಡಿಸಿಕೊಡಲು ಕೊಳದ ಮ್ಯಾನೇಜರ್ ಕಳೆದ ವಾರ ಅವಳನ್ನೇ ಕರೆದಿದ್ದ. ಅವಳು ಮೊದಲು ತೆರೆದದ್ದು ತನ್ನ ಪುಟವನ್ನು.

ಕೋಚ್ ಪದ್ಧತಿಯೇ ಬೇರೆ. ಎರಡು ಗಡಿಯಾರ. ಹೋಗುವ ಇಪ್ಪತ್ತೈದು ಮೀಟರ್‌ಗೆ ಒಂದು, ಬರುವ ಇಪ್ಪತ್ತೈದಕ್ಕೆ ಇನ್ನೊಂದು. ಎರಡನ್ನೂ ಬರೆದು, ಮೊತ್ತವನ್ನು ಮೂರನೆಯ ಖಾನೆಯಲ್ಲಿ ಬರೆಯಬೇಕು. ಅವರು ನೆರಳಲ್ಲಿ ಕೂತು ಆ ಮೂರನೆಯ ಖಾನೆಯನ್ನಷ್ಟೇ ನೋಡುತ್ತಿದ್ದರು.

ತಂಗಿಯ ಸಾಲಿನಲ್ಲಿ ಅಕ್ಕನ ದುಂಡು ಅಕ್ಷರ: 16.2. ಮುಂದೆ 17.5. ಮೊತ್ತ 34.7.

ತಂಗಿ ಕೂಡಿದಳು. ಇನ್ನೊಮ್ಮೆ ಕೂಡಿದಳು. 33.7.

ಮುಂದಿನ ಪುಟವನ್ನು ಮಗುಚಲೂ ಇಲ್ಲ. ರಿಜಿಸ್ಟರ್ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.

ಕೋಣೆಯಲ್ಲಿ ಆಗಲೇ ಮಾತು ನಡೆದಿತ್ತು.

"ಅಕ್ಷರ ಕೀಳೋದೇನು ಮಹಾ," ಎಂದ ಮ್ಯಾನೇಜರ್. "ಗೋಡೇಲಿ ಮೂವತ್ತು ತೂತು ಉಳಿಯತ್ತೆ. ಜನ ತೂತನ್ನೇ ಓದ್ತಾರೆ."

"ಸತ್ತವರು ಎದ್ದು ಬಂದು ಉತ್ತರ ಕೊಡೋಕಾಗಲ್ಲ," ಎಂದರು ಸಮಿತಿಯ ವಕೀಲರು.

"ಇದ್ದಾಗ ಯಾರು ಪ್ರಶ್ನೆ ಕೇಳಿದ್ರಿ?" ಎಂದಳು ಅಕ್ಕ. "ಹೆಸರು ತೆಗೀರಿ. ಪದಕದ ಪಟ್ಟಿ ಇರಲಿ, ಗೆದ್ದಿದ್ದು ಸುಳ್ಳಲ್ಲ. ಅದರ ಕೆಳಗೆ ಮಾಡಿದ್ದನ್ನೂ ಬರೀರಿ."

ಸಮಿತಿಯ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ, ತಲೆಯಾಡಿಸಿದರು. ಅಕ್ಕನ ಮಾತು ನಾಟುತ್ತಿತ್ತು. ಎಂದಿನ ಹಾಗೆ.

ತಂಗಿ ರಿಜಿಸ್ಟರನ್ನು ಅವರ ಮುಂದಿಟ್ಟಳು. "ಮೇಡಂ, ಇವಳ ಮಾತು ನಂಬೋ ಮೊದಲು ಈ ಒಂದು ಸಾಲು ಕೂಡಿ ನೋಡಿ."

ಅಧ್ಯಕ್ಷೆ ಪೆನ್ಸಿಲ್ ತುದಿಯಲ್ಲಿ ಕೂಡಿದರು. "ಒಂದು ಸೆಕೆಂಡ್ ಜಾಸ್ತಿ ಬರ್ದಿದೆ. ಕೈತಪ್ಪೇನಮ್ಮಾ?"

"ಇಲ್ಲ," ಎಂದಳು ಅಕ್ಕ. "ಬೇಕಂತಲೇ ಬರ್ದಿದ್ದು."

ವಕೀಲರ ಕುರ್ಚಿ ಮುಂದಕ್ಕೆ ಸರಿಯಿತು. ತಂಗಿಗೆ ಇಪ್ಪತ್ತಾರು ವರ್ಷಗಳ ಉರಿಗೆ ತಣ್ಣೀರು ಹೊಯ್ದಂತಾಯಿತು.

"ಕೇಳಿದ್ರಲ್ಲ! ನಾನೆಲ್ಲಿ ಇವಳನ್ನ ಮೀರಿಸಿಬಿಡ್ತೀನೋ ಅಂತ ಹೊಟ್ಟೆಕಿಚ್ಚು. ಒಡಹುಟ್ಟಿದವಳ ಲೆಕ್ಕ ತಿದ್ದಿದವಳು ಸತ್ತವರ ವಿಷ್ಯದಲ್ಲಿ ಸತ್ಯ ಹೇಳ್ತಾಳಾ?"

"ನಿನ್ನ ಸಾಲು ಒಂದೇ ಕೂಡಿದ್ಯಾ?"

"ಅಷ್ಟು ಸಾಕು."

"ಸಾಲದು ಪುಟ್ಟಿ. ನನ್ನ ಅಕ್ಷರ ಇರೋವಷ್ಟೂ ಕೂಡು."

ಇನ್ನೂ ಸುಳ್ಳುಗಳಿದ್ದರೆ ಒಳ್ಳೆಯದೇ ಆಯಿತು ಎಂದುಕೊಂಡು ತಂಗಿ ಪೆನ್ಸಿಲ್ ತೆಗೆದುಕೊಂಡಳು. ಹುಡುಗರ ಸಾಲುಗಳು ಮೊದಲು. ಒಂದೂ ತಪ್ಪಿರಲಿಲ್ಲ. ಆಮೇಲೆ ಹುಡುಗಿಯರ ಸಾಲುಗಳು. ಪುಟ ಮಗುಚಿದಂತೆ ಅವಳ ಕೈ ನಿಧಾನವಾಯಿತು. ಕೆಳಗೆ ಯಾರೋ ನೀರಿಗೆ ಹಾರಿದ ಸದ್ದು.

"ದೂರು ಕೊಟ್ಟ ಆ ನಾಲ್ವರು?" ಪಕ್ಕದಿಂದ ಬಗ್ಗಿ ಪುಟ ನೋಡುತ್ತಿದ್ದ ಅಧ್ಯಕ್ಷೆಯ ಧ್ವನಿ ತಗ್ಗಿತ್ತು. "ಅವರ ಸಾಲುಗಳಲ್ಲಿ ಮೊತ್ತ ಸರಿ ಇದೆ. ಅಕ್ಷರ ಬೇರೆ."

"ಆ ಆಯ್ಕೆ ದಿನ ನಂಗೆ ಜ್ವರ, ಮೇಡಂ. ಗಡಿಯಾರ ಬೇರೆಯವರ ಕೈಲಿತ್ತು." ಅಕ್ಕ ಮೇಜಿನ ಅಂಚು ಹಿಡಿದಳು. "ಆಮೇಲೆ ಒಂದು ಆಯ್ಕೇನೂ ತಪ್ಪಿಸಲಿಲ್ಲ."

ತಂಗಿ ಕೊನೆಯ ಪುಟವನ್ನೂ ಕೂಡಿ ಮುಗಿಸಿದಳು. ಅಕ್ಕ ಗಡಿಯಾರ ಹಿಡಿದ ಆರು ವರ್ಷಗಳಲ್ಲಿ 34.0 ಸೆಕೆಂಡ್ ಒಳಗೆ ಈಜಿಯೂ ಮನೆಗೆ ಹೋದ ಹುಡುಗಿಯರು ಹತ್ತೊಂಬತ್ತು. ಪ್ರತಿಯೊಬ್ಬಳ ಮೂರನೆಯ ಖಾನೆಯಲ್ಲೂ ಹೆಚ್ಚಾಗಿದ್ದದ್ದು 1.0 ಸೆಕೆಂಡ್.