ಒಂದು ಕಾಳು ಮಂಡಕ್ಕಿ

ದಾವಣಗೆರೆ ಪಕ್ಕದ ಕರೂರಿನ ಫ್ಯಾಕ್ಟರಿಯಲ್ಲಿ ಕರೆಂಟು ಹೋಗಿ ಎರಡು ತಾಸು ಮುಂಚೆಯೇ ಬಿಟ್ಟರು. ಹಾಗಾಗಿ ಅತ್ತೆಯ ಒಂದು ತಿಂಗಳ ಸುಳ್ಳು ರೇಖಾಳ ಕೈಗೆ ಸಿಕ್ಕಿಬಿತ್ತು. ಬಾತಿ ಊರಿನ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ ಒಳಗೆ ನೋಡಿದರೆ, ರಂಗವ್ವ ಗೋಡೆಗೆ ಒರಗಿ ಕೂತು, ನಾಲ್ಕು ವರ್ಷದ ಮೊಮ್ಮಗಳು ಭುವಿಯನ್ನು ತೊಡೆಯ ಮೇಲೆ ಹಾಕಿಕೊಂಡು, ತಟ್ಟೆಯಲ್ಲಿದ್ದ ಮಂಡಕ್ಕಿಯನ್ನು ಒಂದೊಂದೇ ಕಾಳು ಅವಳ ಬಾಯಿಗೆ ಇಡುತ್ತಿದ್ದಳು. ಪ್ರತಿ ಕಾಳಿಗೂ ಮಗುವಿಗಿಂತ ಮೊದಲು ಅಜ್ಜಿಯೇ ‘ಆ’ ಎಂದು ಬಾಯಿ ತೆರೆಯುತ್ತಿದ್ದಳು.

ಹುಟ್ಟುವಾಗ ಉಸಿರು ಕಟ್ಟಿ ಭುವಿಯ ಮಿದುಳಿಗೆ ಪೆಟ್ಟಾಗಿತ್ತು. ಅವಳ ಕೈಗಳು ಸದಾ ಮುಷ್ಟಿ ಬಿಗಿದುಕೊಂಡು, ಹೆಬ್ಬೆರಳು ಒಳಗೇ ಅಡಗಿರುತ್ತಿತ್ತು. ದಾವಣಗೆರೆಯಲ್ಲಿ ಥೆರಪಿ ಮಾಡುವ ಆಶಾರಾಣಿ ಮೇಡಂ, ದಿನಾ ಅರ್ಧ ತಾಸು ಮಗುವಿನ ಮುಂದೆ ಒಣ ಮಂಡಕ್ಕಿ ಇಡಿ, ಎರಡು ಬೆರಳಲ್ಲಿ ತಾನೇ ಎತ್ತಲಿ, ಯಾರೂ ಕೈ ಹಾಕಬೇಡಿ ಎಂದಿದ್ದರು. ತಾನೇ ಎತ್ತಿ ತಿನ್ನುವಂತಾದರೆ ಜೂನ್‌ನಲ್ಲಿ ಅಂಗನವಾಡಿಗೆ ಕಳಿಸಬಹುದಿತ್ತು. ರೇಖಾ ಕೆಲಸದಿಂದ ಬರುವ ಹೊತ್ತಿಗೆ ತಟ್ಟೆ ಖಾಲಿಯಾಗಿರುತ್ತಿತ್ತು. “ಎಲ್ಲಾ ತಾನೇ ತಿಂದ್ಲು ನೋಡು” ಎನ್ನುತ್ತಿದ್ದಳು ರಂಗವ್ವ. ರೇಖಾ ಮನೆಯಲ್ಲಿರುವ ಭಾನುವಾರ ಒಂದು ಕಾಳೂ ಏಳದಿದ್ದರೆ, “ನಿನ್ನ ಕಂಡ್ರೆ ಹಟ ಮಾಡ್ತಾಳೆ” ಎಂಬ ಉತ್ತರ ತಯಾರಿರುತ್ತಿತ್ತು. ನಿನ್ನೆ ಮೇಡಂ ಮುಂದೆಯೂ ಭುವಿ ಏನೂ ಎತ್ತಿರಲಿಲ್ಲ.

“ಅತ್ತೆ!”

ರಂಗವ್ವನ ಕೈ ನಡುದಾರಿಯಲ್ಲೇ ನಿಂತಿತು. “ಕೂಸು ಒದ್ದಾಡ್ತೈತೆ ರೇಖಾ. ಅರ್ಧ ತಾಸು ತಟ್ಟೆ ಕೆರೀತೈತೆ, ಒಂದು ಕಾಳು ಬರಲ್ಲ. ಕಣ್ಣಾರೆ ನೋಡ್ಕೊಂಡು ಹೆಂಗೆ ಸುಮ್ನೆ ಕೂಡ್ಲಿ ನಾನು?”

“ಕೈ ಕೆಸರಾದ್ರೆ ಬಾಯಿ ಮೊಸರು ಅಂತ ಊರಿಗೆಲ್ಲ ಹೇಳ್ತೀರಿ. ಇಲ್ಲಿ ಕೆಸರು ನಿಮ್ಮ ಕೈಗೆ, ಮೊಸರು ಅವಳ ಬಾಯಿಗೆ. ನೀವು, ನಾನು ಎಷ್ಟು ದಿನ ಇರ್ತೀವಿ? ಆಮೇಲೆ ಯಾರ ಕೈ ಅತ್ತೆ?” ಸಿಟ್ಟಿನಲ್ಲಿ ಶುರುವಾದ ಮಾತು ಅಳುವಿನಲ್ಲಿ ಮುಗಿಯಿತು. ನಾಲ್ಕು ವರ್ಷದಿಂದ ರೇಖಾಳನ್ನು ಹೆದರಿಸುತ್ತಿದ್ದದ್ದು ಅದೊಂದೇ ಪ್ರಶ್ನೆ.

ರಂಗವ್ವ ಮಗುವನ್ನು ಸೊಸೆಯ ಕೈಗೆ ಕೊಟ್ಟು, ಮೊಳಕಾಲು ಹಿಡಿದುಕೊಂಡು ಎದ್ದು, ಗೋಡೆಯ ಮೇಲಿನ ಉಕ್ಕಡಗಾತ್ರಿ ಅಜ್ಜಯ್ಯನ ಪಟದ ಮುಂದೆ ನಿಂತಳು. “ಅಜ್ಜಯ್ಯ, ಈ ಕೂಸು ತಾನೇ ಎತ್ತಿ ತಾನೇ ತಿನ್ನೋ ತನಕ ನಾನು ಮಂಡಕ್ಕಿ ಮುಟ್ಟಲ್ಲ. ನಿನ್ನಾಣೆ.” ಅಳುತ್ತಿದ್ದ ರೇಖಾಳಿಗೆ ನಗು ಬಂತು. ಈ ಸೀಮೆಯಲ್ಲಿ ಅನ್ನ ಬಿಟ್ಟೇನೆಂದರೆ ನಂಬಬಹುದು, ಮಂಡಕ್ಕಿ ಬಿಟ್ಟೇನೆಂದರೆ ಯಾರೂ ನಂಬುವುದಿಲ್ಲ. ಅದರಲ್ಲೂ ರಂಗವ್ವನಿಗೆ ಸಂಜೆ ಒಗ್ಗರಣೆ ಮಂಡಕ್ಕಿ, ಜೊತೆಗೆ ಒಂದು ಮೆಣಸಿನಕಾಯಿ ಬಜ್ಜಿ ಇಲ್ಲದಿದ್ದರೆ ಹೊತ್ತೇ ಮುಳುಗುತ್ತಿರಲಿಲ್ಲ.

ಮರುದಿನದಿಂದ ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಮೊಮ್ಮಗಳ ಎದುರು ಕೂರತೊಡಗಿದಳು. “ಇವು ನನ್ನ ಮಾತು ಕೇಳಲ್ಲ, ಅದಕ್ಕೇ ಮ್ಯಾಲೆ ಕೂತೀನಿ” ಎಂದಳು. ಫ್ಯಾನ್ ಹಾಕಿದರೆ ಮಂಡಕ್ಕಿ ಹಾರಿಹೋಗುತ್ತದೆಂದು ಮಾರ್ಚ್ ತಿಂಗಳ ಧಗೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೂ ಬೆವರುತ್ತಿದ್ದರು. ಭುವಿಯ ಬೆರಳು ಒಂದಿಷ್ಟು ಬಿಚ್ಚಿಕೊಂಡು ಕಾಳಿನ ಹತ್ತಿರ ಹೋಗುತ್ತಿತ್ತು, ಕಾಳು ಜಾರುತ್ತಿತ್ತು. ಬೆರಳು ಅಲ್ಲಾಡಿದಾಗಲೆಲ್ಲ ರಂಗವ್ವನ ಬಾಯಿ ತಾನಾಗಿ ‘ಆ’ ಎಂದು ತೆರೆದುಕೊಳ್ಳುತ್ತಿತ್ತು. ಕೈಯ ಮೇಲೇನೋ ಕೂತಳು, ಬಾಯಿಯನ್ನು ಎಲ್ಲಿ ಬಚ್ಚಿಡುವುದು? ಒಂದು ಸಂಜೆ ಮಗ ಚೌಡೇಶ್ ಮಂಡಕ್ಕಿ, ಬಜ್ಜಿಯ ಪೊಟ್ಟಣ ತಂದು ಮುಂದಿಟ್ಟಾಗ ಮುಖ ತಿರುಗಿಸಿದಳು. ಆಮೇಲೆ ಗೋಡೆ ಕಡೆ ನೋಡುತ್ತಲೇ, “ಬಜ್ಜಿ ಬಿಸಿ ಐತೇನಪ್ಪಾ?” ಎಂದು ಕೇಳಿದಳು.

ಹತ್ತೊಂಬತ್ತನೇ ದಿನ ಭಾನುವಾರ. ರೇಖಾ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಒಮ್ಮೆಲೇ ಒಳಗೆ ತಟ್ಟೆ ಕೆರೆಯುವ ಸದ್ದು ನಿಂತಿತು. ತಿರುಗಿ ನೋಡಿದಳು.

ಭುವಿಯ ಹೆಬ್ಬೆರಳು ಹೊರಗೆ ಬಂದಿತ್ತು. ಅದರ ಮತ್ತು ತೋರುಬೆರಳಿನ ನಡುವೆ ಒಂದು ಕಾಳು ಮಂಡಕ್ಕಿ. ತೋಳೆಲ್ಲ ನಡುಗುತ್ತಿತ್ತು, ಆದರೆ ಕಾಳು ಬೀಳಲಿಲ್ಲ. ಕೈ ತಟ್ಟೆ ಬಿಟ್ಟು ಮೇಲೆದ್ದಿತು. ರಂಗವ್ವನ ಬಾಯಿ ಎಂದಿನಂತೆ ತೆರೆಯಿತು. ಭುವಿ ತೆರೆದ ಆ ಬಾಯಿಯನ್ನು ನೋಡಿದಳು, ಮುಂದಕ್ಕೆ ಬಾಗಿದಳು, ಕಾಳನ್ನು ಅದರೊಳಗೆ ಇಟ್ಟುಬಿಟ್ಟಳು.

ರಂಗವ್ವ ಉಗುಳಲಿಲ್ಲ, ನುಂಗಲಿಲ್ಲ. ಕಾಳನ್ನು ನಾಲಿಗೆಯ ಮೇಲೆ ಹಾಗೇ ಇಟ್ಟುಕೊಂಡು ಸೊಸೆಯ ಕಡೆ, ಅಜ್ಜಯ್ಯನ ಪಟದ ಕಡೆ ಕಣ್ಣು ಹೊರಳಿಸಿದಳು. “ಆಣೆ ಮುರೀತಲ್ಲೇ ರೇಖಾ! ಕೂಸು ಇನ್ನೂ ತಿಂದಿಲ್ಲ” ಎಂದು ತೊದಲಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

ರೇಖಾಳ ಮಡಿಲಿನ ಅವರೆಕಾಯಿ ಮನೆ ತುಂಬ ಚೆಲ್ಲಿತ್ತು. “ಮುರೀಲಿ ಬಿಡ್ರಿ ಅತ್ತೆ. ಉಕ್ಕಡಗಾತ್ರಿಗೆ ಹೋಗಿ ತಪ್ಪುಕಾಣಿಕೆ ನಾನು ಹಾಕ್ತೀನಿ. ನೀವು ನುಂಗ್ರಿ!”

ರಂಗವ್ವ ನುಂಗಿದಳು. ಭುವಿ ಅವಳ ಗಂಟಲನ್ನೇ ನೋಡುತ್ತ ಕಿಲಕಿಲ ನಕ್ಕಳು.

“ಒಂದು ಕಾಳಿಗೆ ಏನು ರುಚಿ ಗೊತ್ತಾಗ್ತೈತವ್ವ?” ಎಂದಳು ರಂಗವ್ವ. ಕೈಗಳನ್ನು ತೊಡೆಯ ಕೆಳಗಿನಿಂದ ತೆಗೆಯಲಿಲ್ಲ. ಈ ಸಲ ಬೇಕೆಂದೇ ಅಗಲವಾಗಿ ಬಾಯಿ ತೆರೆದಳು.

ಭುವಿಯ ಕೈ ಆಗಲೇ ತಟ್ಟೆಯಲ್ಲಿತ್ತು.