ಗಾಜಿಗಂಟಿದ ಮರಿಗಳು

ದಿನಕ್ಕೆರಡು ಸಲ ನೆಲ ನಡುಗುವ ಆ ಊರಿನಲ್ಲಿ ಮನೆಮನೆಗೂ ಕ್ಯಾಟ್‌ಫಿಶ್ ಅಕ್ವೇರಿಯಂ ಇತ್ತು. ನಡುಕದ ಸುಳಿವು ಸಿಕ್ಕಿ ಮೀನುಗಳು ಗುಂಪುಗೂಡಿದ ಕೂಡಲೇ ಜನ ಹೊರಗೋಡುತ್ತಿದ್ದರು. ನೀಲಗಂಗಾಳ ಮನೆಯ ಮರಿಗಳು ಮೊಟ್ಟೆಯೊಡೆದು ವಾರವಾಗಿತ್ತಷ್ಟೇ. ಅವಳು ಮೇವು ಹಾಕಲು ಬಗ್ಗಿದಾಗಲೆಲ್ಲ ಎದುರಿನ ಗಾಜಿಗೆ ಗುಂಪಾಗಿ ಅಂಟಿಕೊಳ್ಳುತ್ತಿದ್ದವು. ಬೆಳಗಿನಿಂದ ಮೂರು ಸಲ ಅತ್ತೆಯ ಕೈಹಿಡಿದು ಅಂಗಳಕ್ಕೆ ಓಡಿದ್ದಾಯಿತು. ನೆಲ ಅಲುಗಲೇ ಇಲ್ಲ.

"ಬರೇ ಸುಳ್ಳ ಹೇಳ್ತಾವ ನೋಡು! ಇರ್ಲಿ, ಇನ್ನಾ ಕೂಸು," ಎಂದು ಅತ್ತೆ ಏದುಸಿರುಬಿಟ್ಟರು.

ಐದು ತಿಂಗಳು ತುಂಬಿದರೂ ತನ್ನ ಹೊಟ್ಟೆಯ ಕೂಸು ಮಿಸುಕಿಲ್ಲವೆಂಬ ಚಿಂತೆ ನೀಲಗಂಗಾಳಿಗೆ. ನಾಲ್ಕನೇ ಸಲ ಅವಳು ಓಡಲಿಲ್ಲ. ಮರಿಗಳು ಸೇರಿದ್ದು ತನ್ನ ಹೊಟ್ಟೆ ತಾಗಿದ ಗಾಜಿಗೇ. ಪಕ್ಕಕ್ಕೆ ಸರಿದಳು, ಅವೂ ಸರಿದವು.

"ಅತ್ತೀ, ಓಡಬ್ಯಾಡ್ರಿ, ಇಲ್ಲಿ ಬರ್ರಿ," ಎಂದಳು, ಹೊಟ್ಟೆಯ ಮೇಲೆ ಕೈಯಿಟ್ಟು. "ಇವು ಒಮ್ಮೀನೂ ಸುಳ್ಳ ಹೇಳಿಲ್ಲ."