ಆ ದಡ ಮುಟ್ಟಿದವನು

ಊರು ಕಟ್ಟಿದ ದೊರೆಯ ವೇಷ ತೊಟ್ಟು ಗುರುಪಾದಪ್ಪ ಸಂಘದ ಮಧ್ಯಾಹ್ನದ ಊಟದಲ್ಲಿ ಭಾಷಣ ಮಾಡಿದ. ತುಂಬಿದ ಹೊಳೆಯಲ್ಲಿ ಅಂಬಿಗ ಮುಳುಗಿಹೋದರೂ ದೊರೆ ಒಬ್ಬನೇ ದಡ ಸೇರಿ ಊರು ಕಟ್ಟಿದ ಕಥೆಗೆ ಜೋರು ಚಪ್ಪಾಳೆ ಬಿತ್ತು. ಆಮೇಲೆ ಆಚೆ ದಡದಲ್ಲಿ ಅವನಿಗೆ ಸನ್ಮಾನವಿತ್ತು. ಈಜು ಬಾರದ ಅವನು ಅಳುಕುತ್ತಲೇ ಹರಿಗೋಲು ಹತ್ತಿದ.

ನಡುಹೊಳೆಯಲ್ಲಿ ಮುದಿ ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿದ.

"ಬೆವರ್ತಾ ಇದೀರಲ್ಲ ಬುದ್ಧಿ. ಆ ಪೇಟ, ನಿಲುವಂಗಿ ಬಿಚ್ಚಿ ನನ್ ಕೈಗೆ ಕೊಡಿ," ಎಂದು ಅವನ್ನು ಇಸಿದುಕೊಂಡು ಕುಡಿಯಲು ನೀರೂ ಕೊಟ್ಟ.

"ಪುಣ್ಯಾತ್ಮ ಕಣಯ್ಯ ನೀನು. ನನ್ನ ಭಾಷಣ ಕೇಳಿದೆಯಾ?"

"ಕೇಳ್ದೆ. ನಮ್ಮನೇಲಿ ಆ ಕಥೆ ಬೇರೆ ಥರ ಹೇಳ್ತಾರೆ."

"ಹೇಗೆ?"

ಅಂಬಿಗ ಪೇಟವನ್ನು ತನ್ನ ತಲೆಯ ಮೇಲಿಟ್ಟುಕೊಂಡ.

"ಮುಳುಗಿದ್ದು ದೊರೆ. ಅವರ ಬಟ್ಟೆ ತೊಟ್ಟು ದಡ ಸೇರ್ದೋನು ನಮ್ಮ ವಂಶದ ಹಿರೀಕ."